ಕಡತದಿಂದ ಹಾಡಿನ ಪುಸ್ತಕದವರೆಗೆ

ಕರ್ನಾಟಕದ ಯಾವುದೇ ಸರಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ 'ಕಡತ' ಎಂಬ ಮಾತು ಚಿರಪರಿಚಿತ. ಕಡತ ಸಾಹೇಬರ ಮೇಜಿನ ಮೇಲಿದೆ, ಕಡತ ಮೇಲಿನ ಕಚೇರಿಗೆ ಹೋಗಿದೆ, ಕಡತ ಹುಡುಕಬೇಕು, ನಾಳೆ ಬನ್ನಿ. ಊರಿನಲ್ಲಿ ಉಳಿದಿರುವ ತುಂಡು ಜಮೀನಿನ ಸಲುವಾಗಿ ಮುಂಬಯಿಯಿಂದಲೋ ಪುಣೆಯಿಂದಲೋ ರಜೆ ಹಾಕಿ ಹೋಗಿ, ಈ ಮಾತು ಕೇಳಿ, ಬರಿಗೈಯಲ್ಲಿ ರೈಲು ಹತ್ತಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಈಗಂತೂ ಕಡತ ಗಣಕಯಂತ್ರವನ್ನೇರಿ 'ಇ-ಕಡತ'ವಾಗಿದೆ. ಆದರೆ ಈ ಪದ ಮೊದಲು ಸೂಚಿಸುತ್ತಿದ್ದುದು ದಾರ ಕಟ್ಟಿದ ಕಾಗದದ ಕಟ್ಟನ್ನಲ್ಲ. ಅದು ಬಟ್ಟೆಯಿಂದ ಮಾಡಿದ ಒಂದು ಪುಸ್ತಕ. ಅದಕ್ಕೆ ಬೇಕಾಗುತ್ತಿದ್ದುದು ಮೊಳವೆರಡು ಮೊಳಕ್ಕೆ ಮುಗಿಯದಷ್ಟು ಉದ್ದದ ಹತ್ತಿಬಟ್ಟೆ, ಅಡಿಗೆಮನೆಯಲ್ಲಿ ಬಿಸಾಡುವ ಹುಣಸೆಬೀಜ, ಒಲೆಯಲ್ಲಿ ಉಳಿಯುವ ಇದ್ದಿಲು. ಇಷ್ಟೆ.

ಮನೆಯಲ್ಲಿ ಬೇಡವೆಂದು ಬಿಟ್ಟ ವಸ್ತುಗಳಿಂದ ಪುಸ್ತಕ ಕಟ್ಟುವ ವಿದ್ಯೆ ಇಂದು ಮಕ್ಕಳ ಬೇಸಗೆ ಶಿಬಿರಗಳಲ್ಲಿ ಹೊಸ ಹವ್ಯಾಸವೆಂಬಂತೆ ಕಾಣಿಸಿಕೊಳ್ಳುತ್ತಿದೆ. ಸಂತೋಷವೇ. ಆದರೆ ಅದು ಹೊಸದಲ್ಲ. ಅದಕ್ಕೊಂದು ದೀರ್ಘ ಇತಿಹಾಸವಿದೆ. ಆ ಇತಿಹಾಸದಲ್ಲಿ ನಮ್ಮ ನಾಡಿಗೂ, ನಾಡು ಬಿಟ್ಟು ಬಂದ ನಮ್ಮಂಥವರ ಮನೆಗಳಿಗೂ ಪಾಲಿದೆ. ಅದನ್ನು ಇಲ್ಲಿ ಸ್ವಲ್ಪ ನೆನಪಿಸಿಕೊಳ್ಳೋಣ.

ಬಟ್ಟೆಯ ಪುಸ್ತಕ

ಕಡತದ ಹಳೆಯ ರೂಪ 'ಕಡಿತ'. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಕಡಿತವೆರ್ಗಡೆ' ಎಂಬ ಅಧಿಕಾರಿಯ ಹೆಸರು ಬರುತ್ತದೆ. ವೆರ್ಗಡೆ ಎಂದರೆ ಹೆಗ್ಗಡೆ. ಕಡಿತಗಳ, ಅಂದರೆ ದಾಖಲೆಗಳ ಮೇಲ್ವಿಚಾರಕ. ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಅದನ್ನು ನೋಡಿಕೊಳ್ಳಲು ಒಬ್ಬ ಹೆಗ್ಗಡೆ ಬೇಕಾಗುವಷ್ಟು ಅದರ ಬಳಕೆ ಇದ್ದಿತೆಂದಾಯಿತು.

ಕಡತ ಹೇಗಿತ್ತೆಂಬುದನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟವನು ಮಾರ್ಕ್ ವಿಲ್ಕ್ಸ್. ಟಿಪ್ಪುವಿನ ಪತನದ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಈತ 1810ರಲ್ಲಿ ತನ್ನ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದ. ಅವನ ವಿವರಣೆಯ ಸಾರಾಂಶ ಹೀಗಿದೆ: ಎಂಟು ಅಂಗುಲದಿಂದ ಒಂದು ಅಡಿ ಅಗಲದ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಯ ಪಟ್ಟಿಯನ್ನು ತೆಗೆದುಕೊಂಡು, ಅದರ ಎರಡೂ ಮಗ್ಗುಲಿಗೆ ಅಂಟು ಮತ್ತು ಇದ್ದಿಲ ಪುಡಿಯ ಮಿಶ್ರಣವನ್ನು ಬಳಿಯುತ್ತಾರೆ. ಚೆನ್ನಾಗಿ ಒಣಗಿದ ಮೇಲೆ ಕತ್ತರಿಸದೆಯೆ ಸಮನಾದ ಮಡಿಕೆಗಳಾಗಿ ಮಡಚುತ್ತಾರೆ. ಎರಡು ತುದಿಗಳಿಗೂ ಮರದ ಹಲಗೆ. ಉಳ್ಳವರಾದರೆ ಹಲಗೆಗೆ ಬಣ್ಣ, ಮೆರುಗೆಣ್ಣೆ, ಮೇಲೊಂದು ರೇಷ್ಮೆಯದೋ ಹತ್ತಿಯದೋ ಚೀಲ. ಇಲ್ಲದವರಿಗೆ ಅದಾವುದೂ ಇಲ್ಲ, ಒಂದು ಸಾಧಾರಣ ದಾರದ ಕಟ್ಟು ಸಾಕು. ಬಿಡಿಸಿ ಎಳೆದರೆ ಮತ್ತೆ ಅದೇ ಉದ್ದದ ಪಟ್ಟಿ.

ಒಂದು ಮಡಿಕೆ ಎಂಟು ಅಂಗುಲವೆಂದು ಹಿಡಿದರೂ 12 ಅಡಿಯ ಕಡತಕ್ಕೆ 18 ಮಡಿಕೆ, 18 ಅಡಿಯದಕ್ಕೆ 27 ಮಡಿಕೆ. ಎರಡೂ ಕಡೆ ಬರೆಯಬಹುದಾದ್ದರಿಂದ 36ರಿಂದ 54 ಪುಟಗಳ ಪುಸ್ತಕವಾಯಿತು. ಒಂದು ಅಂಗಡಿಯ ಲೆಕ್ಕಕ್ಕೆ ಇದು ಧಾರಾಳ.

ಬಳಿಯುವ ಅಂಟು ಹುಣಸೆಬೀಜದ್ದು. ಬೀಜವನ್ನು ಹುರಿದು, ಕಂದು ಸಿಪ್ಪೆ ತೆಗೆದು, ನೆನೆಹಾಕಿ, ನುಣ್ಣಗೆ ರುಬ್ಬಿ ಕಾಯಿಸಿದರೆ ಗಟ್ಟಿಯಾದ ಸರಿ ಸಿಗುತ್ತದೆ. ಚಿತ್ರದುರ್ಗದ ಕಡೆಯ ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಹಾಕುವುದೂ ಈ ಹುಣಸೆಬೀಜದ ಸರಿಯನ್ನೇ. ಈ ಸರಿ ಹಿಡಿದರೆ ಹಳೆಯ ಬಟ್ಟೆಗೂ ಬಿಗಿ ಬರುತ್ತದೆ. ಅದಕ್ಕೆ ಇದ್ದಿಲು ಸೇರಿದರೆ ಕಪ್ಪು ಹಲಗೆಯಂಥ ಮೈ. ಅದರ ಮೇಲೆ ಬಳಪದಿಂದ ಬಿಳಿ ಅಕ್ಷರ. ಬಳಪವೆಂದರೆ ಬೇಲೂರು ಹಳೇಬೀಡಿನ ಶಿಲ್ಪಿಗಳ ಕೈಗೆ ಒದಗಿದ ಮೆದುಗಲ್ಲಿನ ಜಾತಿಯದೇ. ಒಂದು ಕಡೆ ಮದನಿಕೆಯಾಯಿತು, ಇನ್ನೊಂದು ಕಡೆ ಶೆಟ್ಟರ ಅಂಗಡಿಯಲ್ಲಿ ಬೆಲ್ಲದ ಲೆಕ್ಕ ಬರೆಯಿತು. ಬರೆದದ್ದು ಬೇಡವಾದರೆ ಒರೆಸಬಹುದು. ಮೈ ಸವೆದರೆ ಮತ್ತೆ ಸರಿ ಬಳಿಯಬಹುದು.

ಒರೆಸಬಹುದಾದ ಪುಸ್ತಕದಲ್ಲಿ ಲೆಕ್ಕವಿಟ್ಟರೆ ನಂಬಿಕೆ ಹೇಗೆ ಎಂದು ನಮ್ಮ ಕಾಲದವರು ಕೇಳುವುದು ಸಹಜ. ಟಿಪ್ಪು ಸುಲ್ತಾನನಿಗೂ ಇದು ಹಿಡಿಸಲಿಲ್ಲ. ಸರಕಾರಿ ಲೆಕ್ಕಪತ್ರಗಳಿಗೆ ಕಡತ ಬಳಸಬಾರದೆಂದು ಅವನು ನಿಷೇಧಿಸಿದನೆಂದು ವಿಲ್ಕ್ಸನೇ ಬರೆಯುತ್ತಾನೆ. ಆದರೆ ಮೈಸೂರಿನ ವರ್ತಕರೂ ಅಂಗಡಿಯವರೂ ಅದನ್ನು ಬಿಡಲಿಲ್ಲ. ಸಾಕ್ಷಿಗಳ ರುಜುವಿನೊಡನೆ ಕಡತದಲ್ಲಿ ಬರೆದ ಸಾಲಪತ್ರವೊಂದನ್ನು ನ್ಯಾಯದ ಮುಂದೆ ಹಾಜರುಪಡಿಸಿ, ಅದು ಪುರಾವೆಯಾಗಿ ಅಂಗೀಕೃತವಾದುದನ್ನು ತಾನು ಕಂಡಿರುವುದಾಗಿ ಅವನು ಹೇಳುತ್ತಾನೆ. ಉತ್ತಮ ಕಾಗದದ ಮೇಲಿನ ಬರಹಕ್ಕಿಂತ ಕಡತ ಹೆಚ್ಚು ಬಾಳುತ್ತದೆಂಬುದು ಅವನ ಅಭಿಪ್ರಾಯ. ಶೃಂಗೇರಿ ಮಠದಲ್ಲಿ ಉಳಿದು ಬಂದಿರುವ ಕಡತಗಳು ಈ ಮಾತಿಗೆ ಆಧಾರವಾಗಿ ನಿಲ್ಲುತ್ತವೆ. ಡಾ. ಎ. ಕೆ. ಶಾಸ್ತ್ರಿಯವರು ಅವುಗಳಿಂದ ಆಯ್ದು ಸಂಪಾದಿಸಿ ಪ್ರಕಟಿಸಿರುವುದರಿಂದ, ಬಳಪದಲ್ಲಿ ಬರೆದ ವ್ಯವಹಾರದ ಮಾತುಗಳು ಇಂದು ಇತಿಹಾಸಕಾರರ ಕೈಗೆ ಸಿಕ್ಕಿವೆ.

ಮಾತಿನಲ್ಲಿ ಉಳಿದ ದಾರ

ಕಡತಕ್ಕೆ ಮಡಿಕೆ ಮುಖ್ಯ; ಓಲೆಗರಿಗೆ ದಾರ ಮುಖ್ಯ. ಹದಮಾಡಿದ ತಾಳೆಗರಿಯ ಮೇಲೆ ಕಂಟದಿಂದ ಕೊರೆದು, ಮಸಿ ತೀಡಿ, ತೂತಿನಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಪಟ್ಟಿಯಿಟ್ಟು ಬಿಗಿದರೆ ಒಂದು ಗ್ರಂಥ. ಗ್ರಂಥ ಎಂಬ ಪದಕ್ಕೆ ಮೂಲವಾದ ಧಾತುವಿನ ಅರ್ಥವೇ ಪೋಣಿಸು, ಕಟ್ಟು ಎಂದು. ಸೂತ್ರವೆಂದರೆ ದಾರ. ಪ್ರಬಂಧ, ನಿಬಂಧಗಳಲ್ಲಿರುವುದೂ ಕಟ್ಟುವ ಕೆಲಸವೇ. ನಾವು ಇಂದಿಗೂ ಕಾಗದ ಬರೆದವರಿಗೆ 'ನಿಮ್ಮ ಓಲೆ ತಲಪಿತು' ಎನ್ನುತ್ತೇವೆ. ಗರಿ ಹೋಯಿತು, ದಾರ ಹೋಯಿತು, ಮಾತಿನಲ್ಲಿ ಮಾತ್ರ ಎರಡೂ ಉಳಿದುಕೊಂಡಿವೆ.

ದಾರದ ಈ ವಿದ್ಯೆ ಪಂಡಿತರ ಸೊತ್ತು ಮಾತ್ರವಾಗಿರಲಿಲ್ಲ. ಉತ್ತರ ಕರ್ನಾಟಕದ ನಮ್ಮ ತಾಯಂದಿರು ಹರಿದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದನ್ನು ನೋಡಿದವರಿಗೆ ಗೊತ್ತು: ಅಂಚಿನಿಂದ ಅಂಚಿಗೆ ಓಡುವ ಆ ಸರಳ ಹೊಲಿಗೆ, ಪುಸ್ತಕದ ಹಾಳೆಗಳನ್ನು ಹಿಡಿದಿಡುವ ಹೊಲಿಗೆಯ ಒಡಹುಟ್ಟು. ಸೂಜಿ ದೊಡ್ಡದಾದರೆ ದಬ್ಬಣ, ಬಟ್ಟೆಯ ಬದಲು ಹಾಳೆ, ಅಷ್ಟೇ ವ್ಯತ್ಯಾಸ.

ಮಂಗಳೂರಿನಲ್ಲಿ ಕಾಗದದ ಬರ

ಹನ್ನೆರಡನೆಯ ಶತಮಾನದ ಮಂಗಳೂರಿಗೆ ಬರೋಣ. ಇಂದಿನ ಟ್ಯುನೀಸಿಯಾದ ಕಡಲತೀರದ ಮಹದಿಯಾ ಊರಿನ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಸುಮಾರು 1132ರಿಂದ 1149ರವರೆಗೆ ನಮ್ಮ ಕರಾವಳಿಯಲ್ಲಿದ್ದ. ಮೆಣಸು, ಅಡಿಕೆಗಳ ವ್ಯಾಪಾರ, ಜೊತೆಗೆ ಒಂದು ಹಿತ್ತಾಳೆ ಪಾತ್ರೆಗಳ ಕಾರ್ಖಾನೆ. ಏಡನ್ನಿನಲ್ಲಿದ್ದ ಮದ್ಮೂನ್ ಮೊದಲಾದ ಸ್ನೇಹಿತರು ಅವನಿಗೆ ಹಡಗಿನ ಮೂಲಕ ಸಕ್ಕರೆ, ಒಣದ್ರಾಕ್ಷಿಗಳ ಜೊತೆಯಲ್ಲಿ ಕಾಗದವನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು. ಗರಿಯ ಮೇಲೆ ಬರೆಯುತ್ತಿದ್ದ ನಮ್ಮ ತೀರದಲ್ಲಿ ಅವನಿಗೆ ಬೇಕಾದ ಕಾಗದ ಸಿಗುತ್ತಿರಲಿಲ್ಲ.

ಅಷ್ಟು ದೂರದಿಂದ ಬಂದ ಕಾಗದವನ್ನು ಯಾರಾದರೂ ಬಿಸಾಡುವರೆ? ಬಂದ ಪತ್ರಗಳ ಹಿಂಬದಿಯಲ್ಲಿ, ಅಂಚಿನಲ್ಲಿ, ಸಾಲುಗಳ ನಡುವೆ ಬಿಟ್ಟ ಜಾಗದಲ್ಲಿ ಬೆನ್ ಯಿಜು ತನ್ನ ಲೆಕ್ಕ, ಪಟ್ಟಿ, ಪತ್ರದ ಕರಡುಗಳನ್ನು ಬರೆದುಕೊಂಡ. ಊರಿಗೆ ಹಿಂದಿರುಗುವಾಗ ಆ ಕಾಗದಗಳನ್ನೂ ಕೊಂಡೊಯ್ದ. ಕೊನೆಗೆ ಅವು ಸೇರಿದ್ದು ಕೈರೋ ನಗರದ ಹಳೆಯ ಭಾಗದಲ್ಲಿರುವ ಯಹೂದಿ ಪ್ರಾರ್ಥನಾ ಮಂದಿರದ ಒಂದು ಕತ್ತಲೆಕೋಣೆಯನ್ನು. ದೇವರ ಹೆಸರಿರಬಹುದಾದ ಬರಹವನ್ನು ನಾಶಮಾಡಬಾರದೆಂಬ ನಿಯಮದಿಂದ ಅಲ್ಲಿ ಬೇಡವಾದ ಕಾಗದಗಳನ್ನೆಲ್ಲ ಶತಮಾನಗಳ ಕಾಲ ತುಂಬಿಡುತ್ತಿದ್ದರು. ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸ 1896-97ರಲ್ಲಿ ಅದರ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದ; ಸುಮಾರು ಎರಡು ಲಕ್ಷ ತುಣುಕುಗಳು. ಅವುಗಳಲ್ಲಿ ಮಂಗಳೂರಿನ ಈ ವರ್ತಕನ ಪತ್ರಗಳೂ, ಅವನ ಕೈಕೆಳಗೆ ದುಡಿದ ಒಬ್ಬ ಆಳಿನ ಹೆಸರೂ ಇದ್ದುವು. ಕಾದಂಬರಿಕಾರ ಅಮಿತಾವ್ ಘೋಷ್ ಈ ಹೆಸರಿನ ಬೆನ್ನು ಹಿಡಿದು ಮಂಗಳೂರಿಗೆ ಬಂದು, ತುಳು ವಿದ್ವಾಂಸರಾದ ಪ್ರೊ. ಬಿ. ಎ. ವಿವೇಕ ರೈಯವರಂಥವರ ನೆರವಿನಿಂದ ವಿಚಾರಿಸಿ, ಅದು 'ಬೊಮ್ಮ' ಇರಬೇಕೆಂದು ತೀರ್ಮಾನಿಸಿ, 1992ರಲ್ಲಿ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಎಂಬ ಪುಸ್ತಕವನ್ನೇ ಬರೆದರು.

ಎಂಟುನೂರು ವರ್ಷಗಳ ಹಿಂದೆ ಕಡಲು ದಾಟಿ ಏಡನ್ನಿಗೆ ಹೋಗಿಬರುತ್ತಿದ್ದ ಒಬ್ಬ ಬೊಮ್ಮನ ಹೆಸರು ನಮಗೆ ತಿಳಿದಿರುವುದು ಯಾವ ಶಾಸನದಿಂದಲೂ ಅಲ್ಲ. ಯಾರೋ ಒಬ್ಬರು ಹಳೆಯ ಕಾಗದವನ್ನು ಎಸೆಯಲಿಲ್ಲ, ಅದಕ್ಕೆ.

ರಟ್ಟಿನೊಳಗಿನ ಸಾಕ್ಷಿ

ಇಂತಹುದೇ ಇನ್ನೊಂದು ಪ್ರಸಂಗ ಈಜಿಪ್ಟಿನದೇ. ಅಲ್ಲಿನ ಮೇಲ್ನಾಡಿನ ನಾಗ್ ಹಮ್ಮಾದಿ ಎಂಬ ಊರಿನ ಬಳಿ 1945ರಲ್ಲಿ ಹಳ್ಳಿಗರಿಗೆ ಒಂದು ಹೂಜಿ ಸಿಕ್ಕಿತು. ಒಳಗೆ ಚರ್ಮದ ಹೊದಿಕೆಯ, ಕೈಯಿಂದ ಹೊಲಿದ ಪಪೈರಸ್ ಪುಸ್ತಕಗಳು. ಅವುಗಳ ವಿಷಯ ಧರ್ಮಶಾಸ್ತ್ರಜ್ಞರಿಗೆ ಬಿಟ್ಟದ್ದು. ನಮಗಿಲ್ಲಿ ಬೇಕಾದದ್ದು ಅವುಗಳ ರಟ್ಟು. ಚರ್ಮದ ಹೊದಿಕೆ ಬಿಗಿಯಾಗಿ ನಿಲ್ಲಲೆಂದು ಅವನ್ನು ಕಟ್ಟಿದವರು ಒಳಗೆ ರದ್ದಿಯನ್ನು ಅಂಟಿಸಿದ್ದರು: ಯಾರದೋ ಪತ್ರ, ಯಾವುದೋ ರಶೀದಿ, ಧಾನ್ಯದ ಲೆಕ್ಕ. ಒಂದು ಪುಸ್ತಕದ ರಟ್ಟಿನಿಂದ ಬಿಡಿಸಿದ ಇಂಥ ಚೂರುಗಳ ಮೇಲೆ ಕ್ರಿ.ಶ. 341, 346, 348ರ ತಾರೀಖುಗಳಿದ್ದುವು. ಹಾಗಾದರೆ ಆ ಪುಸ್ತಕವನ್ನು ಕಟ್ಟಿದ್ದು 348ಕ್ಕಿಂತ ಮೊದಲಲ್ಲವೆಂದು ಖಚಿತವಾಯಿತು. ಒಳಗಿನ ಗಹನವಾದ ಗ್ರಂಥ ಹೇಳದ ಕಾಲವನ್ನು ರಟ್ಟಿನೊಳಗಿನ ರದ್ದಿ ಹೇಳಿತು.

ಯುರೋಪಿನ ಬೈಂಡರುಗಳೂ ಇದನ್ನೇ ಮಾಡಿದರು. ಅಚ್ಚುಯಂತ್ರ ಬಂದ ಮೇಲೆ ಬೇಡವಾದ ಹಳೆಯ ಚರ್ಮಪತ್ರಗಳನ್ನು ಸೀಳಿ ಹೊಸ ಪುಸ್ತಕಗಳ ಬೆನ್ನಿಗೆ ಬಲವಾಗಿ ಅಂಟಿಸಿದರು. ಎಷ್ಟೋ ಹಳೆಯ ಕೃತಿಗಳ ತುಣುಕುಗಳು ಉಳಿದಿರುವುದು ಹೀಗೆ ಇನ್ನೊಂದು ಪುಸ್ತಕದ ಬೆನ್ನಿನಲ್ಲಿ ಮಾತ್ರ.

ಚಿಂದಿಯಿಂದ ಕಾಗದ, ಕಾಗದದಿಂದ ಚೋಪಡಿ

ನಾವು ವಾಸವಾಗಿರುವ ಈ ಮಹಾರಾಷ್ಟ್ರದ ನೆಲವೂ ಕಾಗದದ ಮಟ್ಟಿಗೆ ಬಡವಲ್ಲ. ದೌಲತಾಬಾದಿನ ಹತ್ತಿರದ ಕಾಗಜೀಪುರ, ಪುಣೆ ಜಿಲ್ಲೆಯ ಜುನ್ನರ್ ಇವೆಲ್ಲ ಕೈಕಾಗದಕ್ಕೆ ಹೆಸರಾದ ಊರುಗಳು. ಅವರ ಕಚ್ಚಾ ಮಾಲೇ ಹಳೆಯ ಹಗ್ಗ, ಹರಿದ ಗೋಣಿ, ಚಿಂದಿಬಟ್ಟೆ. ಅದನ್ನು ಕುಟ್ಟಿ, ತೊಳೆದು, ನೀರಿನಲ್ಲಿ ಕದಡಿ, ಜಾಳಿಗೆಯಿಂದ ಎತ್ತಿ, ಗೋಡೆಗೆ ಬಡಿದು ಒಣಗಿಸಿ, ಗಂಜಿ ಹಿಡಿಸಿ, ನುಣುಪಾದ ಕಲ್ಲಿನಿಂದ ಉಜ್ಜಿದರೆ ಕಾಗದ. ಯಂತ್ರದ ಅಗ್ಗದ ಕಾಗದ ಬಂದು ಈ ಕಸುಬು ಕುಸಿಯಿತು. 1934ರಲ್ಲಿ ಗಾಂಧೀಜಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದಾಗ ಎತ್ತಿಕೊಂಡ ಕೈಗಾರಿಕೆಗಳಲ್ಲಿ ಕೈಕಾಗದವೂ ಒಂದು. ಕೆ. ಬಿ. ಜೋಶಿಯವರ ಪ್ರಯತ್ನದಿಂದ 1940ರಲ್ಲಿ ಪುಣೆಯಲ್ಲಿ ಕೈಕಾಗದ ಸಂಸ್ಥೆ ಆರಂಭವಾದುದು ಇದರ ಫಲ. ಹತ್ತಿಬಟ್ಟೆಯ ಚೂರುಗಳೇ ಅಲ್ಲಿನ ಕಾಗದಕ್ಕೆ ಮೂಲ. ಬಂದ ಲಕೋಟೆಗಳನ್ನು ಬಿಡಿಸಿ, ಒಳಮಗ್ಗುಲನ್ನು ಬರೆಯಲು ಉಪಯೋಗಿಸುತ್ತಿದ್ದ ಗಾಂಧೀಜಿಯ ಅಭ್ಯಾಸವಂತೂ ಎಲ್ಲರಿಗೂ ಗೊತ್ತಿದ್ದದ್ದೇ.

ಹೊಲಿದ ಪುಸ್ತಕಗಳಲ್ಲಿ ನಮ್ಮ ಕಣ್ಣಿಗೆ ಹೆಚ್ಚು ಬಿದ್ದದ್ದು ಗುಜರಾತಿ ಮಾರವಾಡಿ ವರ್ತಕರ ಕೆಂಪು ಚೋಪಡಿ. ಮುಂಬಯಿಯ ಕಾಲಬಾದೇವಿ, ಭುಲೇಶ್ವರದ ಓಣಿಗಳಲ್ಲಿ ದೀಪಾವಳಿಯ ಮುಂಚೆ ಇವುಗಳ ಮಾರಾಟ. ಉದ್ದನೆಯ ಹಾಳೆಗಳು, ಕೆಂಪು ಬಟ್ಟೆಯ ಮೆದು ಹೊದಿಕೆ, ಅದರ ಮೇಲೆ ಬಿಳಿ ದಾರದ ಹೊಲಿಗೆ, ಸುತ್ತಿ ಕಟ್ಟಲು ಒಂದು ಹುರಿ. ಹಾಳೆಗಳಿಗೆ ಗೆರೆ ಎಳೆಯುವ ಗೊಡವೆಯಿಲ್ಲ. ಮಡಚಿದ ಗುರುತೇ ಜಮಾ ಖರ್ಚುಗಳ ಅಂಕಣ. ಲಕ್ಷ್ಮೀಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟು ಪೂಜಿಸಿ ಹೊಸ ಲೆಕ್ಕ ಆರಂಭಿಸುತ್ತಾರೆ. ಈಗ ಲೆಕ್ಕವೆಲ್ಲ ಗಣಕಯಂತ್ರದಲ್ಲಿ. ಆದರೂ ಪೂಜೆಗೊಂದು ಚೋಪಡಿ ಇಡುವ ಅಂಗಡಿಗಳು ಇವೆ. ಕಡತ ನಮ್ಮಲ್ಲಿ ಪದವಾಗಿ ಉಳಿಯಿತು, ಚೋಪಡಿ ಅವರಲ್ಲಿ ಪೂಜೆಯಾಗಿ ಉಳಿಯಿತು.

ನಮ್ಮ ಮನೆಗಳ ಪುಸ್ತಕ

ಇನ್ನು ನಮ್ಮ ಸಂಗತಿ. ಊರು ಬಿಟ್ಟು ಬಂದ ಮೊದಲ ತಲೆಮಾರಿನವರಿಗೆ ಕಾಗದ ಸುಲಭದ ವಸ್ತುವಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಗದದ ಮೇಲೆ ಸರಕಾರದ ಹತೋಟಿಯೂ ಬಂತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗರಿಗೆ ಒಂದು ಬದಿ ಖಾಲಿಯಿದ್ದ ಕಾಗದವೆಲ್ಲ ಪಾಟಿಗೆ ಸಮಾನ. ಮನೆಗಳಲ್ಲಿ ಏಪ್ರಿಲ್ ಬಂದು ಪರೀಕ್ಷೆ ಮುಗಿಯಿತೆಂದರೆ ದೊಡ್ಡವರು ಮಕ್ಕಳ ಹಳೆಯ ನೋಟುಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂರುತ್ತಿದ್ದರು. ಬರೆಯದೆ ಉಳಿದ ಹಾಳೆಗಳನ್ನು ನಡುವಿನಿಂದ ಜೋಡಿಯಾಗಿ ಬಿಡಿಸಿ, ಒಟ್ಟುಮಾಡಿ, ದಬ್ಬಣದಿಂದ ಚುಚ್ಚಿ, ಹೊಲಿದು, ಕಳೆದ ವರ್ಷದ ಕ್ಯಾಲೆಂಡರಿನ ದಪ್ಪ ಹಾಳೆಯ ಹೊದಿಕೆ ಹಾಕಿದರೆ ಮುಂದಿನ ವರ್ಷಕ್ಕೆ ರಫ್ ಪುಸ್ತಕ ಸಿದ್ಧ. ಲಕ್ಷ್ಮಿಯೋ ವೆಂಕಟರಮಣನೋ ಮೇಲಿರುತ್ತಿದ್ದುದರಿಂದ ಅದರ ಮೇಲೆ ಕಾಲಿಡುವಂತೆಯೂ ಇರಲಿಲ್ಲ.

ಹೀಗೆ ಹೊಲಿದ ಪುಸ್ತಕಗಳೆಲ್ಲ ಮಕ್ಕಳ ಪಾಲಾಗುತ್ತಿರಲಿಲ್ಲ. ಒಂದೆರಡು ಅಡಿಗೆಮನೆಯ ಗೂಡಿಗೆ ಹೋಗುತ್ತಿದ್ದುವು. ಅವುಗಳಲ್ಲಿ ಏನಿದ್ದುವೆಂದು ಈಗ ತೆರೆದು ನೋಡಿದವರಿಗೆ ಆಶ್ಚರ್ಯವಾಗುತ್ತದೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರ ಹಾಡು, ಜೋಗುಳ. ಹಪ್ಪಳಕ್ಕೆ ಎಷ್ಟು ಸೇರು ಉದ್ದಿಗೆ ಎಷ್ಟು ಖಾರ. ಬಾಣಂತಿಯ ಲೇಹ್ಯದ ಸಾಮಾನು. ಹಾಲಿನವನ ಲೆಕ್ಕ, ದೋಬಿಯ ಲೆಕ್ಕ, ಚೀಟಿಯ ಕಂತು. ಊರಿಂದ ಬಂದವರು ಯಾರು, ಅವರಿಗೆ ಕೊಟ್ಟ ರವಿಕೆಕಣ ಯಾವುದು. ಯಾವ ಮಗುವಿಗೆ ಯಾವ ದಿನ ಹಲ್ಲು ಬಂತು. ಶಾಲೆಯ ಮುಖವನ್ನು ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಣದ ಹೆಂಗಸರು ದುಂಡಗಿನ ಅಕ್ಷರದಲ್ಲಿ ಬರೆದದ್ದು ಇದು.

ಇದನ್ನು ಸಾಹಿತ್ಯವೆಂದು ಯಾರೂ ಕರೆಯಲಿಲ್ಲ. ಇತಿಹಾಸವೆಂದಂತೂ ಇಲ್ಲವೇ ಇಲ್ಲ. ಆದರೆ ಬೆನ್ ಯಿಜುವಿನ ಪಟ್ಟಿಯೂ, ನಾಗ್ ಹಮ್ಮಾದಿಯ ಧಾನ್ಯದ ಲೆಕ್ಕವೂ ತಮ್ಮ ಕಾಲದಲ್ಲಿ ಇಂಥವೇ ಆಗಿದ್ದುವಲ್ಲವೆ? ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಏಳು ಜನರ ಕನ್ನಡ ಸಂಸಾರ ಹೇಗೆ ನಡೆಯಿತು, ಅಕ್ಕಿ ಯಾವ ವರ್ಷ ಯಾವ ದರದಲ್ಲಿತ್ತು, ಊರಿನ ಯಾವ ಹಾಡು ಇಲ್ಲಿಗೆ ಬಂದು ಯಾವ ಸಾಲನ್ನು ಕಳೆದುಕೊಂಡಿತು ಎಂಬುದನ್ನು ಮುಂದೆ ಯಾರಾದರೂ ತಿಳಿಯಬಯಸಿದರೆ, ಅವರಿಗೆ ಸಂಘಗಳ ವಾರ್ಷಿಕ ವರದಿ ಸಾಲದು. ಈ ಹೊಲಿದ ಪುಸ್ತಕಗಳೇ ಬೇಕು.

ಅವು ಎಲ್ಲಿ ಹೋಗುತ್ತಿವೆ ಎಂದು ಕೇಳಿಕೊಂಡರೆ ಉತ್ತರ ಹಿತವಾಗಿಲ್ಲ. ಹಳೆಯ ಚಾಳುಗಳು ಬಿದ್ದು ಹೊಸ ಕಟ್ಟಡಗಳು ಏಳುತ್ತಿವೆ. ಮನೆ ಖಾಲಿಮಾಡುವಾಗ ಅಟ್ಟದ ಟ್ರಂಕು ಕೆಳಗಿಳಿಯುತ್ತದೆ. ಅಜ್ಜಿ ಇಲ್ಲ, ಸೊಸೆ ಮರಾಠಿ ಶಾಲೆಯಲ್ಲಿ ಕಲಿತವಳು, ಮೊಮ್ಮಗ ಇಂಗ್ಲಿಷಿನವನು. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಓದಲಾಗದ ಪುಸ್ತಕ ಕಣ್ಣಿಗೆ ಬರಿಯ ಕಾಗದ. ರದ್ದಿಯವನ ತಕ್ಕಡಿಗೆ ಕನ್ನಡ, ಮರಾಠಿ ಎಂಬ ಭೇದವಿಲ್ಲ, ಕಿಲೋ ಲೆಕ್ಕ ಮಾತ್ರ. ರದ್ದಿಯಿಂದ ಹುಟ್ಟಿದ ಪುಸ್ತಕ ರದ್ದಿಗೇ ಹಿಂದಿರುಗುತ್ತದೆ. ಇದರಲ್ಲಿ ಯಾರನ್ನೂ ದೂರಿ ಫಲವಿಲ್ಲ. ಆದರೆ ಸುಮ್ಮನಿರುವುದೂ ಸರಿಯಲ್ಲ.

ಕಟ್ಟುವ ಬಗೆ

ಉಳಿಸುವ ಮನಸ್ಸು ಬರಬೇಕಾದರೆ ಕಟ್ಟುವ ಕಷ್ಟಸುಖ ಸ್ವಲ್ಪ ಗೊತ್ತಿರಬೇಕು. ಆದ್ದರಿಂದ ಮನೆಯಲ್ಲೇ ಒಂದು ಪುಸ್ತಕ ಹೊಲಿಯುವ ಕ್ರಮವನ್ನು ಇಲ್ಲಿ ಹೇಳುತ್ತೇವೆ.

ಹಳೆಯ ನೋಟುಪುಸ್ತಕಗಳಿಂದ ಎಂಟು ಜೋಡಿಹಾಳೆ ತೆಗೆದುಕೊಳ್ಳಿ. ವೃತ್ತಪತ್ರಿಕೆಯ ಕಾಗದ ಬೇಡ. ಮರದ ತಿರುಳಿನ ಆ ಕಾಗದ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಹತ್ತಿಚಿಂದಿಯ ಕಾಗದ ಶತಮಾನಗಳ ಕಾಲ ಬಾಳುವುದೂ, ವೃತ್ತಪತ್ರಿಕೆ ಒಂದೆರಡು ವರ್ಷದಲ್ಲಿ ಬಣ್ಣಗೆಡುವುದೂ ಈ ಕಾರಣಕ್ಕೇ. ಬಿಡಿಹಾಳೆಗಳಾದರೆ ಮೊದಲು ಒಂದನ್ನು ಹರಿದು ನೋಡಿ. ಒಂದು ದಿಕ್ಕಿಗೆ ನೇರವಾಗಿ ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಅಂಕುಡೊಂಕಾಗಿ. ನೇರವಾಗಿ ಹರಿದ ದಿಕ್ಕಿಗೇ ಮಡಚಬೇಕು. ಆಗ ಪುಸ್ತಕ ತೆರೆದಲ್ಲಿ ತೆರೆದುಕೊಂಡಿರುತ್ತದೆ.

ಹಾಳೆಗಳನ್ನು ಒಂದರೊಳಗೊಂದು ಇಟ್ಟು ಮಡಚಿ, ಮಡಿಕೆಯ ನಡುವೆ ಒಂದು, ಮೇಲೆ ಕೆಳಗೆ ಒಂದೊಂದು, ಹೀಗೆ ಮೂರು ತೂತುಗಳನ್ನು ದಬ್ಬಣದಿಂದ ಚುಚ್ಚಿ. ದಾರ ಪುಸ್ತಕದ ಉದ್ದಕ್ಕೆ ಮೂರರಷ್ಟಿರಲಿ. ಅದಕ್ಕೆ ಮೇಣ ಅಥವಾ ಮೇಣದಬತ್ತಿ ಉಜ್ಜಿದರೆ ಸಿಕ್ಕಾಗುವುದಿಲ್ಲ. ಒಳಗಿನಿಂದ ನಡುವಿನ ತೂತಿನಲ್ಲಿ ಸೂಜಿಯನ್ನು ಹೊರಕ್ಕೆ ತನ್ನಿ. ತುದಿಯ ನಾಲ್ಕು ಅಂಗುಲ ಒಳಗೇ ಉಳಿಯಲಿ. ಹೊರಗಿನಿಂದ ಮೇಲಿನ ತೂತಿನಲ್ಲಿ ಒಳಕ್ಕೆ. ಒಳಗೇ ನಡುವಿನ ತೂತನ್ನು ದಾಟಿ ಕೆಳಗಿನ ತೂತಿನಿಂದ ಹೊರಕ್ಕೆ. ಮತ್ತೆ ಹೊರಗಿನಿಂದ ನಡುವಿನ ತೂತಿನಲ್ಲಿ ಒಳಕ್ಕೆ. ಈಗ ಎರಡು ತುದಿಗಳೂ ಒಳಗಿವೆ, ನಡುವೆ ಉದ್ದನೆಯ ಹೊಲಿಗೆ ಹಾದುಹೋಗಿದೆ. ಆ ಹೊಲಿಗೆಯ ಆಚೆಗೊಂದು ಈಚೆಗೊಂದು ತುದಿಯಿಟ್ಟು ಬಿಗಿಯಾಗಿ ಗಂಟು ಹಾಕಿದರೆ ಮುಗಿಯಿತು.

ಒಂದು ಬದಿ ಮುದ್ರಿತವಾದ ಆಫೀಸಿನ ಕಾಗದಗಳಿದ್ದರೆ, ಮುದ್ರಿತ ಭಾಗ ಒಳಗೆ ಬರುವಂತೆ ಒಂದೊಂದನ್ನೇ ಮಡಚಿ, ಮಡಿಕೆ ಹೊರಗೂ ತೆರೆದ ಅಂಚು ಬೆನ್ನಿನ ಕಡೆಗೂ ಇರುವಂತೆ ಜೋಡಿಸಿ, ಬೆನ್ನಿನಿಂದ ಅರ್ಧ ಅಂಗುಲ ಒಳಗೆ ಚುಚ್ಚಿ ಹೊಲಿಯಬೇಕು. ಚೀನ ಜಪಾನುಗಳ ಹಳೆಯ ಪುಸ್ತಕಗಳ ಕ್ರಮ ಇದೇ. ಹೊದಿಕೆಗೆ ಮಿಠಾಯಿ ಪೆಟ್ಟಿಗೆಯ ರಟ್ಟು, ಅದರ ಮೇಲೆ ಹಳೆಯ ನೂಲಿನ ಸೀರೆಯ ಚೂರು. ಅಂಟಿಗೆ ಮೈದಾಹಿಟ್ಟಿನ ಗಂಜಿ ಸಾಕು. ಹುಳು ಬಾರದಿರಲೆಂದು ಬೈಂಡರುಗಳು ಇದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಅಂಟು ಹಾಕಿದ ಮೇಲೆ ಭಾರವಿಟ್ಟು ಒಂದು ರಾತ್ರಿ ಒಣಗಿಸಬೇಕು. ಮುಂಬಯಿಯ ಮಳೆಗಾಲವಾದರೆ ಎರಡು ರಾತ್ರಿ.

ರದ್ದಿಗೆ ಹೋಗುವ ಮೊದಲು

ಇಷ್ಟು ಹೇಳಿದ ಮೇಲೆ ಓದುಗರಲ್ಲಿ ನಮ್ಮದು ಮೂರು ಬಿನ್ನಹ.

ಮೊದಲನೆಯದು, ಮನೆ ಖಾಲಿ ಮಾಡುವಾಗ, ಅಟ್ಟ ಶುಚಿಮಾಡುವಾಗ, ದಾರದಿಂದ ಹೊಲಿದ ಕನ್ನಡ ಬರಹದ ಪುಸ್ತಕ ಕಂಡರೆ ತಕ್ಕಡಿಗೆ ಹಾಕುವ ಮೊದಲು ಓದಬಲ್ಲ ಒಬ್ಬರಿಗೆ ತೋರಿಸಿ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಸಂಘದಲ್ಲಿ ಇದ್ದಾರೆ. ಮೊಬೈಲಿನಲ್ಲಿ ಪುಟಪುಟದ ಚಿತ್ರ ತೆಗೆಯಲು ಅರ್ಧ ಗಂಟೆ ಸಾಕು. ಆದರೆ ಚಿತ್ರ ತೆಗೆದೆವೆಂದು ಮೂಲವನ್ನು ಎಸೆಯಬೇಡಿ. ಹೊಲಿಗೆ, ರಟ್ಟು, ರಟ್ಟಿನೊಳಗಿನ ರದ್ದಿ ಇವೂ ಮಾತಾಡುತ್ತವೆಂಬುದನ್ನು ಮೇಲೆ ನೋಡಿದೆವು.

ಎರಡನೆಯದು, ಹಳೆಯ ಪುಸ್ತಕದ ಹೊಲಿಗೆ ಬಿಚ್ಚಿದ್ದರೆ ಮೂಲದ ತೂತುಗಳಲ್ಲೇ ಹೊಸ ನೂಲು ಹಾಕಿ ಹೊಲಿಯಿರಿ. ಸೆಲ್ಲೋಟೇಪು ಅಂಟಿಸಬೇಡಿ. ಅದು ಕೆಲವು ವರ್ಷದಲ್ಲಿ ಹಳದಿಯಾಗಿ, ಕಾಗದವನ್ನೂ ಕೆಡಿಸಿ, ತಾನೂ ಕಳಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲಕ್ಕಿಂತ ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಡುವುದು ಮೇಲು. ತೇವ ಒಳಗೇ ನಿಲ್ಲುವುದಿಲ್ಲ. ಓಲೆಗರಿಯ ಕಟ್ಟುಗಳನ್ನು ನಮ್ಮ ಹಿಂದಿನವರು ಬಟ್ಟೆಯಲ್ಲಿ ಕಟ್ಟಿಟ್ಟದ್ದು ಸುಮ್ಮನೆ ಅಲ್ಲ.

ಮೂರನೆಯದು, ಈ ರಜೆಯಲ್ಲಿ ಮಕ್ಕಳ ಕೈಯಲ್ಲಿ ಒಂದೊಂದು ಪುಸ್ತಕ ಹೊಲಿಸಿ. ಹೊಲಿದ ಮೇಲೆ ಅದನ್ನು ಖಾಲಿ ಬಿಡದೆ, ಮನೆಯ ಹಿರಿಯರು ಹೇಳಿದ ಒಂದು ಹಾಡು, ಒಂದು ಗಾದೆ, ಒಂದು ಅಡಿಗೆ, ಊರಿನ ಮನೆಯಲ್ಲಿ ಯಾವ ಕೋಣೆ ಎಲ್ಲಿತ್ತೆಂಬ ಒಂದು ನಕ್ಷೆ, ಇವನ್ನು ಮಕ್ಕಳೇ ಬರೆಯಲಿ. ಅಕ್ಷರ ಬಾರದಿದ್ದರೆ ಹಿರಿಯರು ಒಂದು ಸಾಲು ಬರೆಯಲಿ, ಮಗು ಅದರ ಕೆಳಗೆ ತಿದ್ದಲಿ. ಪಠ್ಯಪುಸ್ತಕವಿಲ್ಲದೆ ಕನ್ನಡ ಕಲಿಯಲು ಇದಕ್ಕಿಂತ ಸುಲಭದ ದಾರಿ ನಮಗೆ ತೋಚಿಲ್ಲ. ತಾನೇ ಹೊಲಿದ ಪುಸ್ತಕವನ್ನು ಮಗು ಬೇಗ ಎಸೆಯುವುದಿಲ್ಲ. ಅದರಲ್ಲಿ ಏನು ಬರೆದಿದೆಯೆಂದು ತಿಳಿಯುವ ಆಸೆಯನ್ನೂ ಬಿಡುವುದಿಲ್ಲ.

ಕಡತದ ಮೇಲಿನ ಬಳಪದ ಅಕ್ಷರಗಳನ್ನು ಒರೆಸಲು ಒಂದು ಒದ್ದೆಬಟ್ಟೆ ಸಾಕಾಗಿತ್ತು. ಆದರೂ ಅವು ಉಳಿದುವು. ಒರೆಸುವ ಅಧಿಕಾರವಿದ್ದವರು ಒರೆಸಲಿಲ್ಲ, ಜೋಪಾನ ಮಾಡಿದರು. ನಮ್ಮ ಮನೆಗಳ ಹಾಡಿನ ಪುಸ್ತಕಗಳನ್ನು ಎಸೆಯುವ ಅಧಿಕಾರ ಈಗ ನಮ್ಮ ಕೈಯಲ್ಲಿದೆ. ಅದನ್ನು ಉಪಯೋಗಿಸದಿದ್ದರೆ ಸಾಕು.